ಸತುವಿನ ತಗಡಿನ ಮೇಲೆ ಕುಂದವೈಯ ಮುಡಿ

ಇಬ್ಬರು ಹೆಂಗಸರು ಎದುರುಬದುರು ನಿಂತಿದ್ದಾರೆ. ಒಬ್ಬಳು ಚೋಳರ ಮನೆಮಗಳು ಕುಂದವೈ, ಇನ್ನೊಬ್ಬಳು ಪಳುವೂರಿನ ಕಿರಿಯ ರಾಣಿ ನಂದಿನಿ. ಕಲ್ಕಿಯವರ ತಮಿಳು ಧಾರಾವಾಹಿ ಕಾದಂಬರಿ ‘ಪೊನ್ನಿಯಿನ್ ಸೆಲ್ವನ್’ ಓದಿದವರಿಗೆ ಈ ಭೇಟಿ ಮರೆಯುವಂಥದ್ದಲ್ಲ. ಕಲ್ಕಿಯವರು ಇಬ್ಬರ ಚೆಲುವನ್ನೂ ತಕ್ಕಡಿಯಲ್ಲಿಟ್ಟು ತೂಗುತ್ತಾರೆ. ನಂದಿನಿಯದು ಹೊನ್ನಿನ ಮೈಬಣ್ಣ, ಕುಂದವೈಯದು ಕೆಂದಾವರೆಯ ಬಣ್ಣ. ನಂದಿನಿಯ ಮುಖ ಹುಣ್ಣಿಮೆಯ ಚಂದ್ರನಂತೆ ದುಂಡಗೆ, ಕುಂದವೈಯದು ನುರಿತ ಶಿಲ್ಪಿಯ ಕೈಯಲ್ಲಿ ಮೂಡಿದಂತೆ ತುಸು ನೀಳ. ಒಬ್ಬಳದು ಅಗಲವಾದ ಕಪ್ಪು ಕಣ್ಣು, ಇನ್ನೊಬ್ಬಳದು ನೈದಿಲೆಯ ಎಸಳಿನಂಥ ಉದ್ದ ಕಣ್ಣು. ನಂದಿನಿ ತಮಿಳರ ಸಂತಕವಯಿತ್ರಿ ಆಂಡಾಳಿನ ಹಾಗೆ ಕೂದಲು ಕಟ್ಟಿ ಹೂ ಮುಡಿದಿದ್ದಾಳೆ, ಕುಂದವೈಯ ಮುಡಿಯೇ ಒಂದು ಕಿರೀಟ.

ಓದುವವರಿಗೆ ಇದು ಹಬ್ಬ. ಇದಕ್ಕೆ ಚಿತ್ರ ಬರೆಯಬೇಕಾದವರಿಗೆ ಮಾತ್ರ ಇದು ಕೂಡುವುದಕ್ಕಿಂತ ಕಳೆಯುವ ಲೆಕ್ಕವೇ ಹೆಚ್ಚು. ಒರಟು ಕಾಗದ, ಕಪ್ಪು ಮಸಿ ಒಂದೇ. ಹೊನ್ನಿನ ಮೈಯೂ ಕೆಂದಾವರೆಯ ಮೈಯೂ ಅಚ್ಚಿನಲ್ಲಿ ಒಂದೇ: ಗೆರೆಯಿಲ್ಲದ ಖಾಲಿ ಕಾಗದ. ಕಣ್ಣಿನ ಬಣ್ಣ ಹೋಯಿತು. ತುಟಿಯ ದಪ್ಪ ತೆಳುವಿನ ವ್ಯತ್ಯಾಸ ಪುಟದ ಮೇಲೆ ಅರ್ಧ ಮಿಲಿಮೀಟರ್ ಕೂಡ ಇರುವುದಿಲ್ಲ, ಮಸಿ ಹರಡಿದರೆ ಅದೂ ಹೋಯಿತು. ಕೊನೆಗೆ ಉಳಿಯುವುದು ಎರಡು: ಮುಖದ ಅಂಚಿನ ಗೆರೆ ಮತ್ತು ಕೂದಲಿನ ಕಪ್ಪು ಮುದ್ದೆ. ಆ ಎರಡರಲ್ಲಿಯೂ ದೂರದಿಂದ, ತಟ್ಟನೆ ಗುರುತು ಹಿಡಿಯುವುದು ಮುಡಿಯನ್ನೇ. ಒಂದು ಪಕ್ಕಕ್ಕೆ ವಾಲಿದ ಆಂಡಾಳ್ ಕೊಂಡೈ, ಅಂದರೆ ಆಂಡಾಳ್ ತುರುಬು, ಇನ್ನೊಂದು ನೆತ್ತಿಯ ಮೇಲೆ ಎದ್ದು ನಿಂತ ಮುಡಿ. ಪುಟ ತಿರುವುವಾಗ ಕಣ್ಣಂಚಿಗೆ ಬಿದ್ದರೂ ಸಾಕು, ಯಾರು ಯಾರೆಂದು ತಿಳಿಯುತ್ತದೆ.

ಇತಿಹಾಸದ ಪ್ರೇಮಕಥೆಗಳಿಗೆ ಆ ಕಾಲದ ವಾರಪತ್ರಿಕೆಗಳಲ್ಲಿ ಬಂದ ಚಿತ್ರಗಳನ್ನು ನಾವು ‘ಎಷ್ಟು ಸೊಗಸು’ ಎಂದು ಹೇಳಿ ಮುಗಿಸಿಬಿಡುತ್ತೇವೆ. ಆ ಸೊಗಸಿನ ಅರ್ಧ ಪಾಲು ಹುಟ್ಟಿದ್ದು ಚಿತ್ರದ ಅಚ್ಚು ಕೊರೆಯುತ್ತಿದ್ದ ಸತುವಿನ ತಗಡು, ಆಸಿಡ್ಡು, ಒರಟು ಕಾಗದ ಇವು ಏನನ್ನು ತಡೆದುಕೊಳ್ಳುತ್ತವೆ, ಏನನ್ನು ತಡೆದುಕೊಳ್ಳುವುದಿಲ್ಲ ಎಂಬ ತಿಳಿವಳಿಕೆಯಿಂದ. ಮುದ್ರಣದ ಮಿತಿಯನ್ನು ಪಕ್ಕಕ್ಕಿಟ್ಟು ಈ ಚಿತ್ರಗಳನ್ನು ನೋಡಿದರೆ ಕಲಾವಿದರ ಜಾಣ್ಮೆಯೇ ಕಾಣಿಸುವುದಿಲ್ಲ.

ಆ ಧಾರಾವಾಹಿಗೆ ಚಿತ್ರ ಬರೆದವರು ಮಣಿಯಂ (1924–1968). ಮದರಾಸಿನ ‘ಕಲ್ಕಿ’ ವಾರಪತ್ರಿಕೆ 1941ರಲ್ಲಿ ಶುರುವಾದದ್ದು. ‘ಪೊನ್ನಿಯಿನ್ ಸೆಲ್ವನ್’ ಅದರಲ್ಲಿ 1950ರಿಂದ 1954ರವರೆಗೆ, ಸುಮಾರು ಮೂರೂವರೆ ವರ್ಷ ಬಂತು. ಐದು ಭಾಗ, 293 ಅಧ್ಯಾಯ. ವಾರಗಳಿಗೆ ಹಂಚಿ ನೋಡಿದರೆ ಸಂಚಿಕೆಗೆ ಒಂದೂವರೆ ಅಧ್ಯಾಯದ ಮೇಲೆ ಬೀಳುತ್ತದೆ. ಪುಸ್ತಕವಾದರೆ ಓದುಗ ಹಿಂದಿನ ಪುಟ ತಿರುವಿ ನೋಡಬಲ್ಲ. ವಾರಪತ್ರಿಕೆಯಲ್ಲಿ ಏಳು ದಿನದ ಮರೆವು ನಡುವೆ ಕೂತಿರುತ್ತದೆ. ಕೆಲವು ಪಾತ್ರಗಳು ಎರಡು ಮೂರು ತಿಂಗಳು ಮರೆಯಾಗಿ ಮತ್ತೆ ಬರುತ್ತವೆ. ಹಾಗಾಗಿ ಒಂದೊಂದು ಪಾತ್ರಕ್ಕೂ ಬದಲಾಗದ ಒಂದೆರಡು ಗುರುತು ಮೊದಲೇ ಕಟ್ಟಿಡಬೇಕು: ಮುಡಿಯ ಆಕಾರ, ಕುತ್ತಿಗೆ ನಿಲ್ಲುವ ರೀತಿ, ತೋಳಬಂದಿಯ ವಿನ್ಯಾಸ, ಗಂಡಸರಿಗೆ ಮೀಸೆ ಮತ್ತು ತಲೆಗೂದಲು ಕಟ್ಟಿದ ಕ್ರಮ. ಪರೀಕ್ಷೆ ಸುಲಭ. ಪಾತ್ರದ ಆಕೃತಿಯನ್ನು ನೆರಳಿನಂತೆ ಪೂರ್ತಿ ಕಪ್ಪು ಬಳಿದು ನೋಡಬೇಕು. ಆಗಲೂ ಹೆಸರು ಹೇಳಲು ಬಂದರೆ ಗುರುತು ಗಟ್ಟಿಯಾಗಿದೆ. ಬರದಿದ್ದರೆ ಮುಖದೊಳಗೆ ಎಷ್ಟು ಕುಸುರಿ ಮಾಡಿದರೂ ಪ್ರಯೋಜನವಿಲ್ಲ.

ಇನ್ನು ಬ್ಲಾಕಿನ, ಅಂದರೆ ಚಿತ್ರ ಕೊರೆದ ಅಚ್ಚಿನ, ವಿಷಯ. ಅಕ್ಷರದ ಅಚ್ಚುಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲ ಅದು. ಅಕ್ಷರದ ಜೊತೆಯಲ್ಲೇ ಚಿತ್ರವೂ ಉಬ್ಬಿ ನಿಂತು ಮಸಿ ಹಿಡಿಯಬೇಕು, ಅದೇ ಒತ್ತಿನಲ್ಲಿ ಕಾಗದಕ್ಕೆ ಇಳಿಯಬೇಕು. ಗೆರೆಯಲ್ಲಿ ಬರೆದ ಚಿತ್ರಕ್ಕೆ ಲೈನ್ ಬ್ಲಾಕ್, ಛಾಯೆಯುಳ್ಳ ಚಿತ್ರಕ್ಕೆ ಆ ಛಾಯೆಯನ್ನು ಸಣ್ಣ ದೊಡ್ಡ ಚುಕ್ಕೆಗಳಾಗಿ ಒಡೆಯುವ ಹಾಫ್‌ಟೋನ್ ಬ್ಲಾಕ್.

ಲೈನ್ ಬ್ಲಾಕಿಗೆ ಚಿತ್ರವನ್ನು ಅಚ್ಚಿನ ಅಳತೆಯಲ್ಲಿ ಬರೆಯುವುದಿಲ್ಲ. ಒಂದೂವರೆ ಪಟ್ಟು ಅಥವಾ ಎರಡು ಪಟ್ಟು ದೊಡ್ಡದಾಗಿ ಬರೆಯುತ್ತಾರೆ. ಪುಟದಲ್ಲಿ 10 ಸೆಂ.ಮೀ. ಅಗಲ ಬರಬೇಕಾದ ಚಿತ್ರಕ್ಕೆ 15 ಸೆಂ.ಮೀ. ಅಗಲದ ರೇಖಾಚಿತ್ರ. ನಯವಾದ ಬಿಳಿ ಕಾರ್ಡು, ನೀರಿಗೆ ಕರಗದ ಇಂಡಿಯನ್ ಇಂಕು, ಉಕ್ಕಿನ ನಿಬ್ಬು, ತುದಿ ಚೂಪಾದ ಕುಂಚ. ಕ್ಯಾಮೆರಾದಲ್ಲಿ ಚಿಕ್ಕದಾಗುವಾಗ ಕೈಯ ಸಣ್ಣ ನಡುಕ ಮಾಯವಾಗುತ್ತದೆ, ಗೆರೆಗೆ ಬಿಗಿ ಬರುತ್ತದೆ. ಅದು ಲಾಭ. ನಷ್ಟವೂ ಉಂಟು: ಗೆರೆಯ ಜೊತೆಗೆ ಗೆರೆಗಳ ನಡುವಿನ ಬಿಳಿಯೂ ಚಿಕ್ಕದಾಗುತ್ತದೆ. ಸೀರೆಯ ನಿರಿಗೆಗೆಂದು 0.3 ಮಿ.ಮೀ. ಸಂದು ಬಿಟ್ಟು ಗೆರೆ ಎಳೆದಿದ್ದರೆ ಒಂದೂವರೆ ಪಟ್ಟಿನ ಚಿತ್ರದಲ್ಲಿ ಅದು 0.2 ಆಗುತ್ತದೆ, ಎರಡು ಪಟ್ಟಿನದರಲ್ಲಿ 0.15. ಒರಟು ಕಾಗದದ ಮೇಲೆ ಮಸಿ ಎರಡೂ ಕಡೆಯಿಂದ ಹರಡಿ ಆ ಸಂದನ್ನು ನುಂಗಿಬಿಡುತ್ತದೆ. ನಿರಿಗೆ ಹೋಗಿ ಕಪ್ಪು ಪಟ್ಟೆ ಉಳಿಯುತ್ತದೆ. ಅದಕ್ಕೇ ಅನುಭವಿಗಳು ನಿಮ್ನ ಮಸೂರವೊಂದನ್ನು ಮೇಜಿನ ಮೇಲೆ ಇಟ್ಟುಕೊಂಡಿರುತ್ತಿದ್ದರು. ಅದರ ಮೂಲಕ ನೋಡಿದರೆ ಚಿತ್ರ ಅಚ್ಚಿನ ಅಳತೆಗೆ ಕುಗ್ಗಿ ಕಾಣುತ್ತದೆ. ಎಲ್ಲಿ ಗೆರೆಗಳು ಒಂದಕ್ಕೊಂದು ಅಂಟಿದಂತೆ ಕಾಣುತ್ತವೋ ಅಲ್ಲಿ ಪ್ರತಿ ಮೂರನೆಯ ಗೆರೆಯನ್ನು ಬಿಳಿ ಬಣ್ಣದಿಂದ ಅಳಿಸುವುದೇ ಮದ್ದು.

ಆ ಬಿಳಿ ಬಣ್ಣದಲ್ಲಿಯೂ ಒಂದು ಮೋಸವಿದೆ. ಮಾಮೂಲಿ ಸತುವಿನ ಬಿಳಿ ಕಣ್ಣಿಗೆ ಅಚ್ಚ ಬಿಳಿ, ಆದರೆ ಅದು ನೇರಳಾತೀತ ಬೆಳಕನ್ನು ಹೀರಿಕೊಳ್ಳುತ್ತದೆ. ಬ್ಲಾಕ್ ಮಾಡುವವರ ಕ್ಯಾಮೆರಾಕ್ಕೆ ಆರ್ಕ್ ದೀಪದ ಬೆಳಕು. ಅದರೆದುರು ಆ ತೇಪೆ ಮಂಕಾಗಿ ಬೀಳುತ್ತದೆ. ಅದಕ್ಕೆಂದೇ ಪ್ರೋಸೆಸ್ ವೈಟ್ ಅಂತ ಬೇರೆ ಬಿಳಿ ಬರುತ್ತಿತ್ತು. ಆ ಕ್ಯಾಮೆರಾದ ಪ್ಲೇಟಿಗೆ ನೀಲಿ ಬೆಳಕೇ ಮುಖ್ಯ ಎಂಬುದನ್ನು ನೆನಪಿಟ್ಟರೆ ಉಳಿದದ್ದೆಲ್ಲ ಅರ್ಥವಾಗುತ್ತದೆ. ತಿಳಿನೀಲಿ ಪೆನ್ಸಿಲಿನ ಗೆರೆ ಅದಕ್ಕೆ ಬಿಳಿಯಾಗಿ ಕಾಣುತ್ತದೆ, ಆದ್ದರಿಂದ ಮೊದಲ ಕರಡನ್ನು ನೀಲಿಯಲ್ಲಿ ಹಾಕಿದರೆ ಅಳಿಸಬೇಕಾಗಿಯೇ ಇಲ್ಲ. ಕೆಂಪು ಅದಕ್ಕೆ ಕಪ್ಪು. ಹಳದಿಗಟ್ಟಿದ ಕಾರ್ಡು, ಕಾಫಿಯ ಕಲೆ ಇವೂ ಕಪ್ಪಿನ ಕಡೆಗೇ ವಾಲುತ್ತವೆ. ನೀರು ಬೆರೆತು ಬೂದಾದ ಇಂಕು ಅರ್ಧ ಹಿಡಿದು ಅರ್ಧ ಬಿಟ್ಟು, ಗೆರೆ ಇರುವೆ ಸಾಲಿನಂತೆ ತುಂಡು ತುಂಡಾಗಿ ಬರುತ್ತದೆ. ರೆಪ್ಪೆಯ ತುದಿಯಲ್ಲಿ, ಕೊರಳ ಮಡಿಕೆಯಲ್ಲಿ ನಾಜೂಕಿಗೆಂದು ಇಂಕು ತಿಳಿಮಾಡುವುದು ಹೊಸಬರ ಸಾಮಾನ್ಯ ತಪ್ಪು. ತೆಳ್ಳಗೆ ಬೇಕಾದರೆ ಗೆರೆಯನ್ನು ತೆಳ್ಳಗೆ ಎಳೆಯಬೇಕು, ಮಸಿಯನ್ನು ತೆಳ್ಳಗೆ ಮಾಡಬಾರದು.

ನೆಗೆಟಿವ್ ಬಂದ ಮೇಲೆ ಸತುವಿನ ತಗಡು. ದಪ್ಪ ಸುಮಾರು 1.6 ಮಿ.ಮೀ. ಅದರ ಮೇಲೆ ಮೊಟ್ಟೆಯ ಲೋಳೆಗೆ ಅಮೋನಿಯಂ ಬೈಕ್ರೋಮೇಟ್ ಬೆರೆಸಿದ ತೆಳು ಲೇಪ. ನೆಗೆಟಿವ್ ಇಟ್ಟು ಬೆಳಕು ಬಿಟ್ಟರೆ ಗೆರೆ ಇರುವ ಕಡೆ ಲೇಪ ಗಟ್ಟಿಯಾಗುತ್ತದೆ. ತಗಡಿನ ತುಂಬ ಮಸಿ ಸವರಿ ನೀರಲ್ಲಿ ತೊಳೆದಾಗ ಬೆಳಕು ಬೀಳದ ಲೇಪ ಮಸಿಯ ಸಮೇತ ಕಳಚಿಕೊಳ್ಳುತ್ತದೆ, ಚಿತ್ರ ಉಳಿಯುತ್ತದೆ. ಆ ಅಂಟು ಮಸಿಯ ಮೇಲೆ ಡ್ರ್ಯಾಗನ್ಸ್ ಬ್ಲಡ್ ಎನ್ನುವ ಕೆಂಪು ರಾಳದ ಪುಡಿ ಉದುರಿಸಿ ಬಿಸಿ ಮಾಡಿದರೆ ರಾಳ ಕರಗಿ ಆಸಿಡ್ಡಿಗೆ ಜಗ್ಗದ ಕವಚವಾಗುತ್ತದೆ. ಆಮೇಲೆ ತೆಳುಮಾಡಿದ ನೈಟ್ರಿಕ್ ಆಸಿಡ್ಡಿನ ತೊಟ್ಟಿ.

ಚಿತ್ರ ಉಳಿಯುವುದೂ ಕೆಡುವುದೂ ಈ ತೊಟ್ಟಿಯಲ್ಲಿಯೇ. ಆಸಿಡ್ ಕೆಳಕ್ಕೆ ಮಾತ್ರ ಕೊರೆಯುವುದಿಲ್ಲ, ಪಕ್ಕಕ್ಕೂ ಕೊರೆಯುತ್ತದೆ. ಒಂದೇ ಸಲ ಆಳಕ್ಕೆ ಬಿಟ್ಟರೆ ಗೆರೆಯ ಬುಡ ಸವೆದು, ಮೇಲೆ ಕೊಡೆ ಬಿಚ್ಚಿದಂತೆ ನಿಂತು, ಯಂತ್ರದ ಒತ್ತಿಗೆ ಮುರಿಯುತ್ತದೆ. ಅದಕ್ಕೆ ಮೊದಲ ಕೊರೆತ ತುಸುವೇ. ತಗಡನ್ನು ಹೊರತೆಗೆದು, ಒಣಗಿಸಿ, ರಾಳದ ಪುಡಿಯನ್ನು ಕುಂಚದಿಂದ ಒಂದು ದಿಕ್ಕಿನಲ್ಲಿ ಗುಡಿಸಿದರೆ ಪುಡಿ ಗೆರೆಯ ಒಂದು ಮಗ್ಗುಲಿಗೆ ಒಡ್ಡಿನ ಹಾಗೆ ನಿಲ್ಲುತ್ತದೆ. ಕರಗಿಸಬೇಕು. ಹೀಗೆ ನಾಲ್ಕೂ ದಿಕ್ಕಿನಿಂದ. ಮತ್ತೆ ಕೊರೆತ, ಮತ್ತೆ ನಾಲ್ಕು ದಿಕ್ಕಿನ ಪುಡಿ. ಮೂರು ನಾಲ್ಕು ಸುತ್ತು ಹೀಗೆ ನಡೆದ ಮೇಲೆ ಗೆರೆಗೆ ಗೋಪುರದ ಹಾಗೆ ಅಗಲ ಬುಡ ಸಿಗುತ್ತದೆ. ಕೆಲಸಗಾರರು ಒಂದು ಸುತ್ತು ಕಳ್ಳತನ ಮಾಡಿದರೆ ಮೊದಲು ಹೋಗುವುದು ಒಂಟಿಯಾಗಿ ನಿಂತ ತೆಳು ಗೆರೆ: ಹಣೆಯ ಮೇಲೆ ಹಾರುವ ಮುಂಗುರುಳು, ತುಟಿಯ ಕೆಳಗಿನ ಸಣ್ಣ ನೆರಳು, ಕಣ್ಣಿನ ಕೊನೆ. ಪ್ರೇಮಕಥೆಯ ಚಿತ್ರಕ್ಕೆ ಅವೇ ಜೀವ. ಬ್ಲಾಕಿನ ಸ್ವಭಾವ ಗೊತ್ತಿದ್ದವರು ಮುಂಗುರುಳನ್ನು ಒಂಟಿಯಾಗಿ ಬಿಡುತ್ತಿರಲಿಲ್ಲ. ಎರಡು ಮೂರು ಎಳೆಯನ್ನು ಬುಡದಲ್ಲಿ ಸೇರಿಸಿ, ಕೂದಲಿನ ಕಪ್ಪಿಗೆ ಅಂಟಿಸಿಯೇ ಹೊರಡಿಸುತ್ತಿದ್ದರು. ಕಣ್ಣಿನ ಮೇಲ್ರೆಪ್ಪೆಗೆ ನಡುವೆ ದಪ್ಪವಾಗಿ ಎರಡೂ ಕೊನೆಗೆ ತೆಳುವಾಗುವ ಒಂದೇ ಗೆರೆ ಎಳೆದರೆ ದಪ್ಪ ಭಾಗ ತೆಳು ಭಾಗವನ್ನು ಹಿಡಿದು ನಿಲ್ಲಿಸುತ್ತದೆ. ಅಜಂತೆಯ ಅರೆಮುಚ್ಚಿದ ಕಣ್ಣುಗಳಿಗೂ ಈ ಬ್ಲಾಕಿನ ಕಣ್ಣುಗಳಿಗೂ ಹೋಲಿಕೆ ಕಾಣುವುದು ಭಕ್ತಿಯಿಂದ ಮಾತ್ರ ಅಲ್ಲ. ಆ ಗೆರೆ ಸತುವಿಗೂ ಹೇಳಿ ಮಾಡಿಸಿದ್ದು.

ಕೊರೆದಾದ ಮೇಲೆ ಅಗಲವಾದ ಬಿಳಿ ಜಾಗವನ್ನು ರೌಟರ್ ಎಂಬ ಯಂತ್ರದಿಂದ ಕೆತ್ತಿ ತೆಗೆದು, ತಗಡನ್ನು ಮರದ ತುಂಡಿಗೆ ಮೊಳೆ ಹೊಡೆದು ಕೂರಿಸುತ್ತಾರೆ. ಒಟ್ಟು ಎತ್ತರ ಅಚ್ಚುಮೊಳೆಯಷ್ಟೇ, 0.918 ಅಂಗುಲ. ಮಳೆಗಾಲದಲ್ಲಿ ಮರ ಬಾಗಿದರೆ ಬ್ಲಾಕಿನ ಒಂದು ಮೂಲೆ ಏಳುತ್ತದೆ. ಆ ಮೂಲೆ ಕಾಗದಕ್ಕೆ ಕಚ್ಚುತ್ತದೆ, ಎದುರು ಮೂಲೆ ಮಸುಕು. ಕೆಳಗೆ ತೆಳು ಕಾಗದದ ತುಂಡು ಕೊಟ್ಟು ಸಮ ಮಾಡುವುದು ಯಂತ್ರದವರ ತಾಳ್ಮೆಗೆ ಬಿಟ್ಟ ವಿಷಯ.

ಈಗ ಮುಡಿಗೆ ವಾಪಸ್ ಬರೋಣ. ದೊಡ್ಡ ಮುಡಿ ಎಂದರೆ ದೊಡ್ಡ ಕಪ್ಪು. ಅಚ್ಚಿನಲ್ಲಿ ದೊಡ್ಡ ಕಪ್ಪು ತೊಂದರೆಯ ವಸ್ತು. ಅದು ತುಂಬಿ ಬರಬೇಕಾದರೆ ಹೆಚ್ಚು ಮಸಿ ಬೇಕು. ಹೆಚ್ಚು ಮಸಿ ಕೊಟ್ಟರೆ ಅದೇ ಫಾರಂನಲ್ಲಿ, ಅಂದರೆ ಒಟ್ಟಿಗೆ ಅಚ್ಚಾಗುವ ಚೌಕಟ್ಟಿನಲ್ಲಿ, ಇರುವ ಅಕ್ಷರಗಳ ಕಣ್ಣು ಮುಚ್ಚುತ್ತದೆ, ಸೀರೆಯ ಕುಸುರಿ ಹೂತುಹೋಗುತ್ತದೆ. ಕಡಿಮೆ ಕೊಟ್ಟರೆ ಮುಡಿ ಚಿಬ್ಬು ಹತ್ತಿದಂತೆ ಬೂದುಬೂದಾಗಿ ಬೀಳುತ್ತದೆ. ಪರಿಹಾರ, ಆ ಕಪ್ಪನ್ನು ಒಡೆಯುವುದು. ಕೂದಲು ಸುತ್ತಿದ ದಿಕ್ಕಿಗೇ ನಾಲ್ಕಾರು ಬಿಳಿ ಎಳೆ, ನಡುವೆ ಮುತ್ತಿನ ಸರ, ಸುತ್ತ ಮಲ್ಲಿಗೆ ದಂಡೆ. ಹೂವಿನ ದಂಡೆ ಅಲ್ಲಿ ಚೆಲುವಿಗೂ ಹೌದು, ಮುದ್ರಣಕ್ಕೂ ಹೌದು. ಒಂದೊಂದು ಮೊಗ್ಗೂ ಕಪ್ಪಿನ ನಡುವೆ ತೆರೆದ ಬಿಳಿ ಕಿಂಡಿ. ಇಂಥ ಚಿತ್ರ ಸಿಕ್ಕಾಗ ಮುಡಿಯೊಳಗಿನ ಬಿಳಿಯನ್ನು ಬೆರಳಿಟ್ಟು ನೋಡಿ: ಬೆರಳಿನ ಉಗುರಿನಷ್ಟು ಅಗಲದ ಪೂರ್ತಿ ಕಪ್ಪು ಎಲ್ಲಾದರೂ ಸಿಗುವುದೇ ಕಷ್ಟ.

ಛಾಯೆ ಬೇಕೆಂದರೆ ಹಾಫ್‌ಟೋನ್ ಇತ್ತಲ್ಲ ಎನ್ನಬಹುದು. ಇತ್ತು. ಒರಟು ಕಾಗದಕ್ಕೆ ಅಂಗುಲಕ್ಕೆ 55ರಿಂದ 65 ಗೆರೆಯ ಸ್ಕ್ರೀನು (ಚುಕ್ಕೆ ಮಾಡುವ ಜಾಲರಿ), ನುಣುಪು ಆರ್ಟ್ ಪೇಪರಿಗೆ 120, 133. ಒರಟು ಕಾಗದದ ಮೇಲೆ ನುಣುಪು ಸ್ಕ್ರೀನು ಹಾಕಿದರೆ ಚುಕ್ಕೆಗಳು ಒಂದಕ್ಕೊಂದು ಅಂಟಿ ಕೆಸರಾಗುತ್ತದೆ. ಈಗ ಲೆಕ್ಕ ನೋಡಿ. ಚಿತ್ರದಲ್ಲಿ ನಿಂತ ಹೆಣ್ಣಿನ ಎತ್ತರ 12 ಸೆಂ.ಮೀ. ಇದ್ದರೆ ತಲೆ 1.6 ಸೆಂ.ಮೀ., ಮುಖದ ಅಗಲ ಒಂದು ಸೆಂ.ಮೀ. ಚಿಲ್ಲರೆ. ಕಣ್ಣು ಮುಖದ ಅಗಲದ ಐದನೇ ಒಂದು ಪಾಲು, ಅಂದರೆ 2 ಮಿ.ಮೀ. ಅಂಗುಲಕ್ಕೆ 65ರ ಸ್ಕ್ರೀನಿನಲ್ಲಿ ಆ 2 ಮಿ.ಮೀ.ಗೆ ಸಿಗುವುದು ಐದು ಚುಕ್ಕೆ. ಐದು ಚುಕ್ಕೆಯಲ್ಲಿ ರೆಪ್ಪೆ, ಪಾಪೆ, ಹೊಳಪು, ನಾಚಿಕೆ ಎಲ್ಲವೂ ಬರಬೇಕು! ಬರುವುದಿಲ್ಲ. ಗೆರೆಯಲ್ಲಾದರೆ ಅದೇ 2 ಮಿ.ಮೀ. ಒಳಗೆ ಚೂಪಾದ ಒಂದು ರೆಪ್ಪೆ, ಒಂದು ಕಪ್ಪು ಬೊಟ್ಟು ಸ್ಪಷ್ಟವಾಗಿ ನಿಲ್ಲುತ್ತವೆ. ಅದಕ್ಕಿಂತ ಕೆಟ್ಟದ್ದು, ಹಾಫ್‌ಟೋನಿನಲ್ಲಿ ಬಿಳಿ ಜಾಗದಲ್ಲಿಯೂ ಸಣ್ಣ ಚುಕ್ಕೆ ಉಳಿದುಕೊಳ್ಳುವುದು. ಬೆಳದಿಂಗಳಿನ ಮುಖಕ್ಕೆ ಬೂದಿ ಮೆತ್ತಿದ ಹಾಗಾಗುತ್ತದೆ. ಅದನ್ನು ತಪ್ಪಿಸಲು ಬ್ಲಾಕಿನ ಮೇಲೆ ಕೈಯಿಂದ ಕೆತ್ತಿ ಹೊಳಪು ತೆಗೆಯಬೇಕು. ವಾರವಾರದ ಓಟದಲ್ಲಿ ಅದಕ್ಕೆ ಬಿಡುವೆಲ್ಲಿ?

ಇದೇ ವರ್ಷಗಳಲ್ಲಿ ಅಮೆರಿಕದ ಮಹಿಳಾ ಪತ್ರಿಕೆಗಳ ಪ್ರೇಮಕಥೆಗಳಿಗೆ ಜಾನ್ ವಿಟ್‌ಕಂಬ್, ಕೋಬಿ ವಿಟ್‌ಮೋರ್ ಮುಂತಾದವರು ಬರೆಯುತ್ತಿದ್ದ ಚಿತ್ರಗಳನ್ನು ಪಕ್ಕದಲ್ಲಿಟ್ಟರೆ ವ್ಯತ್ಯಾಸ ಎದ್ದು ಕಾಣುತ್ತದೆ. ಅಲ್ಲಿ ಪುಟದ ತುಂಬ ಎರಡು ಮುಖ, ಹೊಳೆಯುವ ಕಣ್ಣು, ಒದ್ದೆ ತುಟಿ. ಗುವಾಶ್ ಬಣ್ಣ, ಮಾಡೆಲ್‌ಗಳ ಫೋಟೋ, ನುಣುಪು ಕಾಗದ, ನಾಲ್ಕು ಬಣ್ಣದ ಅಚ್ಚು. ಕಾಗದ ತಡೆಯುತ್ತಿತ್ತು, ಅವರು ಹತ್ತಿರ ಹೋದರು. ಮದರಾಸಿನ ಕಾಗದ ತಡೆಯುತ್ತಿರಲಿಲ್ಲ. ಇಲ್ಲಿಯವರು ಪ್ರೇಮವನ್ನು ಮುಖದಿಂದ ಇಳಿಸಿ ಇಡೀ ಮೈಗೆ ತಂದರು: ಕತ್ತು ತಿರುಗಿದ ಬಗೆ, ನಡುವಿನ ಬಳುಕು, ಬೆರಳು. ನನಗೆ ಎರಡನೆಯದೇ ಹೆಚ್ಚು ಕಾಲ ಮನಸ್ಸಿನಲ್ಲಿ ಉಳಿಯುವ ದಾರಿ ಅನ್ನಿಸುತ್ತದೆ. ಹತ್ತಿರದ ಮುಖ ಆ ವರ್ಷದ ಫ್ಯಾಷನ್ನಿಗೆ ಬೇಗ ಸಿಕ್ಕಿಬೀಳುತ್ತದೆ, ಹುಬ್ಬು ತಿದ್ದಿದ ರೀತಿಯಲ್ಲೇ ಇಸವಿ ಹೇಳಬಹುದು.

ಯಾವ ಗಳಿಗೆಯನ್ನು ಬರೆಯಬೇಕು ಎಂಬುದು ಇನ್ನೊಂದು ಕಠಿಣ ವಿಷಯ. ಅಧ್ಯಾಯದ ತಲೆಯಲ್ಲೇ ಚಿತ್ರ ಕೂತರೆ ಓದುಗ ಅಕ್ಷರಕ್ಕಿಂತ ಮೊದಲು ಅದನ್ನೇ ನೋಡುತ್ತಾನೆ. ಘಟನೆಯನ್ನೇ ಬರೆದರೆ ಕಥೆ ಸೋರಿಹೋಗುತ್ತದೆ. ಆದ್ದರಿಂದ ಘಟನೆಗೆ ಒಂದು ಉಸಿರು ಮುಂಚೆ ನಿಲ್ಲಿಸಬೇಕು. ಕಥೆಯ ನಾಯಕ ವಂದಿಯತ್ತೇವನ್ ಹೊತ್ತು ತಂದ ಓಲೆ ಕುಂದವೈಯ ಕೈಸೇರುವ ಸಂದರ್ಭವನ್ನೇ ತೆಗೆದುಕೊಳ್ಳಿ. ಕೊಟ್ಟ ಮೇಲೆ ಬರೆದರೆ ಅದು ಅಂಚೆಯ ಕೆಲಸ. ಕೊಡುವ ಮುಂಚೆ ಬರೆದರೆ ಚಾಚಿದ ಒಂದು ಕೈ, ಇನ್ನೂ ಪೂರ್ತಿ ಚಾಚದ ಇನ್ನೊಂದು ಕೈ, ನಡುವೆ ಅಚ್ಚಿನ ಅಳತೆಯಲ್ಲಿ ಒಂದು ಸೆಂಟಿಮೀಟರ್ ಬಿಳಿ. ಆ ಬಿಳಿಯೇ ಆ ಪುಟದ ಶೃಂಗಾರ. ಅಲ್ಲಿ ಹಿನ್ನೆಲೆಯ ಕಂಬ, ಬಳ್ಳಿ ಏನನ್ನೂ ತರಬಾರದು. ರೌಟರಿನವರು ಅಲ್ಲಿ ಸರಿಯಾಗಿ ಕೆತ್ತಿ ತೆಗೆಯದಿದ್ದರೆ ರೋಲರು ತಳ ಮುಟ್ಟಿ ಮಸಿಯ ಚುಕ್ಕೆ ಬೀಳುತ್ತದೆ. ಎರಡು ಕೈಗಳ ನಡುವೆ ಒಂದು ನೊಣ ಕೂತಂತೆ.

ಎರಡನೆಯ ಬಣ್ಣದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಕಪ್ಪಿನ ಬ್ಲಾಕು ಒಂದು, ಕೆಂಪಿನದೋ ನೀಲಿಯದೋ ಇನ್ನೊಂದು. ಒಂದೇ ಹಾಳೆಗೆ ಎರಡು ಸಲ ಒತ್ತು. ಎರಡೂ ಅರ್ಧ ಮಿಲಿಮೀಟರ್ ತಪ್ಪುವುದು ಮಾಮೂಲು. ಹಾಗಾಗಿ ತುಟಿಗೆ ಕೆಂಪು ಹಾಕುವುದು ಅಪಾಯ, ಕೆನ್ನೆಗೆ ಹೋಗಿ ಕೂರುತ್ತದೆ. ಸೀರೆಗೋ ಪರದೆಗೋ ಹಾಕಿ, ಸುತ್ತ ದಪ್ಪ ಕಪ್ಪು ಅಂಚು ಕಟ್ಟಿದರೆ ತಪ್ಪು ಆ ಅಂಚಿನೊಳಗೆ ಅಡಗುತ್ತದೆ. ತ್ರಿವರ್ಣ, ಚತುರ್ವರ್ಣ ಮುಖಪುಟಗಳದು ಬೇರೆಯೇ ಲೋಕ. 1949ರಿಂದ ಕನ್ನಡದಲ್ಲಿಯೂ ಬಂದ ‘ಚಂದಮಾಮ’ದ ಮುಖಪುಟಗಳು, ಅವುಗಳಿಗೆ ಬರೆದ ನಮ್ಮ ಎಂ.ಟಿ.ವಿ. ಆಚಾರ್ಯರು, ಅದೇ ಮದರಾಸು. ಅದಕ್ಕೆ ಪ್ರತ್ಯೇಕ ಬರಹವೇ ಬೇಕು.

ಉಡುಗೆ, ಕಟ್ಟಡ, ಗಿಡಮರ ಎಲ್ಲಿಂದ ಬಂದವು? ಕಲ್ಕಿಯವರು ಕಥೆಗಾಗಿ ಚೋಳನಾಡನ್ನೂ ಸಿಂಹಳವನ್ನೂ ಸುತ್ತಿದವರು, ಮಣಿಯಂ ಅವರೂ ಜೊತೆಗೆ ಹೋಗಿ ಚಿತ್ರ ಬರೆದುಕೊಂಡು ಬಂದವರು. ಅಜಂತೆ, ಸಿಗಿರಿಯಾ, ಮಾಮಲ್ಲಪುರ ಹೆಸರಾದ ಆಕರಗಳು. ಆದರೆ ಅಜಂತೆಯೂ ಸಿಗಿರಿಯಾವೂ 5ನೇ ಶತಮಾನದ ಆಸುಪಾಸಿನವು, ಕಥೆ ನಡೆಯುವುದು 10ನೇ ಶತಮಾನದ ಕೊನೆಯ ಭಾಗದಲ್ಲಿ. ಕಾಲಕ್ಕೆ ಹತ್ತಿರದ್ದು ತಂಜಾವೂರಿನ ದೊಡ್ಡ ಗುಡಿಯ ಗರ್ಭಗೃಹದ ಸುತ್ತಿನ ಗೋಡೆಯ ಚಿತ್ರಗಳು. ನಾಯಕರ ಕಾಲದ ಚಿತ್ರದ ಪದರದಡಿ ಮುಚ್ಚಿಹೋಗಿದ್ದ ಆ ಚೋಳ ಚಿತ್ರಗಳನ್ನು 1931ರಲ್ಲಿ ಎಸ್.ಕೆ. ಗೋವಿಂದಸ್ವಾಮಿ ಅವರು ಕಂಡುಹಿಡಿದರು. ಕಥೆಯ ಕಾಲಕ್ಕಿಂತ ಸುಮಾರು ನಲವತ್ತು ವರ್ಷ ಈಚಿನವು, ಅಷ್ಟೇ. ಹೆಂಗಸರ ಮುಡಿಗೆ, ಗಂಡಸರ ಜಡೆಗಂಟಿಗೆ, ಒಡವೆಗೆ ಅವುಗಳಿಗಿಂತ ಒಳ್ಳೆಯ ಸಾಕ್ಷಿ ಬೇರೆ ಬೇಡ. ಚೋಳರ ಕಂಚಿನ ವಿಗ್ರಹಗಳಲ್ಲಿ ಹೆಂಗಸರ ಮೇಲ್ಮೈಗೆ ಒಡವೆಯೇ ಉಡುಗೆ. ಮನೆಮಂದಿಯೆಲ್ಲ ಓದುವ ವಾರಪತ್ರಿಕೆಯಲ್ಲಿ ಅದನ್ನು ಹಾಗೇ ತರುವಂತಿಲ್ಲ. ಕುಪ್ಪಸ ತೊಡಿಸಿದರೆ ಕಾಲ ಕೆಟ್ಟಿತು. ಎದೆಗೆ ಕಟ್ಟುವ ಕಚ್ಚು, ಅಂದರೆ ಕುಚಬಂಧ, ಎರಡಕ್ಕೂ ನಡುವಿನ ದಾರಿ: ಶಿಲ್ಪಗಳಲ್ಲಿ ಆಧಾರವೂ ಉಂಟು, ಮನೆಯಲ್ಲಿ ಮುಜುಗರವೂ ಇಲ್ಲ.

ಕಾಲ ತಪ್ಪುವುದು ಸಾಮಾನ್ಯವಾಗಿ ಹಿನ್ನೆಲೆಯಲ್ಲಿ. ತಂಜಾವೂರೆಂದ ಕೂಡಲೇ ಕೈ ತಾನಾಗಿ ದೊಡ್ಡ ಗುಡಿಯ ವಿಮಾನವನ್ನು ಎಳೆದುಬಿಡುತ್ತದೆ. ಅದು ಪೂರ್ತಿಯಾದದ್ದು 1010ರಲ್ಲಿ. ಕಥೆಯಲ್ಲಿ ಅದನ್ನು ಕಟ್ಟಿಸುವಾತ ಇನ್ನೂ ಸಿಂಹಾಸನವನ್ನೇ ಏರದ, ಮುಂದೆ ರಾಜರಾಜ ಚೋಳನಾಗುವ ತರುಣ ಅರುಳ್‌ಮೊಳಿ. ಮಧುರೆಯಂಥ ಮುಗಿಲು ಮುಟ್ಟುವ ಗೋಪುರಗಳೂ ಆ ಕಾಲದವಲ್ಲ. ಹೂವಿನ ವಿಷಯದಲ್ಲಿಯೂ ಹಾಗೇ: ಚೆಂಡುಹೂ, ದೇವಕಣಗಿಲೆ, ಪಾಪಾಸುಕಳ್ಳಿ, ಪರಂಗಿ ಮರ ಎಲ್ಲ ಅಮೆರಿಕದ ಕಡೆಯಿಂದ ಶತಮಾನಗಳ ನಂತರ ಬಂದವು. ಮಲ್ಲಿಗೆ, ಸಂಪಿಗೆ, ತಾವರೆ, ಕೇದಗೆ, ತೆಂಗು, ತಾಳೆ ಇದ್ದರೆ ಯಾರೂ ಬೆರಳು ತೋರಿಸುವಂತಿಲ್ಲ. ನಮ್ಮಲ್ಲಿ ಇದೇ ಬಗೆಯ ತಪ್ಪು ಬೇಲೂರಿನಿಂದ ಬರುತ್ತದೆ. ರಾಷ್ಟ್ರಕೂಟರ ಮಳಖೇಡದ ಕಥೆಗೆ ಬೇಲೂರಿನ ಮದನಿಕೆಯರ ಒಡವೆ ತೊಡಿಸುವುದು. ಬೇಲೂರಿನ ಗುಡಿ 1117ರದು; ಮಳಖೇಡದ ವೈಭವ ಮುಗಿದು ಆಗಲೇ ಶತಮಾನಕ್ಕೂ ಮೇಲಾಗಿತ್ತು.

ಹಾಗಾದರೆ 10ನೇ ಶತಮಾನದ ನೇರ ಸಾಕ್ಷಿ ನಮ್ಮ ಹತ್ತಿರ ಏನಿದೆ? ವೀರಗಲ್ಲುಗಳು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಮ್ಮಿನಲ್ಲಿದೆ. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೇ ಕೃಷ್ಣನ ಕಡೆಯ ಗಂಗ ಬೂತುಗ ಚೋಳ ರಾಜಾದಿತ್ಯನನ್ನು ಕೊಂದದ್ದನ್ನು ಅದು ಕನ್ನಡದಲ್ಲಿ ಹೇಳುತ್ತದೆ. ಯುದ್ಧ 949ರದು, ಶಾಸನ ಅದರ ಬೆನ್ನಿಗೇ ಬಂದದ್ದು. ಬೂತುಗನ ಸಂಗಡಿಗ ಮಣಲೇರ ಬಹುಮಾನವಾಗಿ ಕೇಳಿ ಪಡೆದ ಬೇಟೆನಾಯಿ ಕಾಳಿ ಹಂದಿಯೊಡನೆ ಹೋರಾಡಿ ಸತ್ತದ್ದಕ್ಕೆ ನಿಂತ ಕಲ್ಲು ಅದು. ನಾಯಿ, ಹಂದಿ ಎರಡೂ ಕೆತ್ತನೆಯಲ್ಲಿವೆ. ಆ ರಾಜಾದಿತ್ಯ ಕುಂದವೈಯ ತಂದೆ ಸುಂದರ ಚೋಳನಿಗೆ ದೊಡ್ಡಪ್ಪ. ‘ಪೊನ್ನಿಯಿನ್ ಸೆಲ್ವನ್’ ತೆರೆದುಕೊಳ್ಳುವುದು ಆಡಿ ತಿಂಗಳ ಹದಿನೆಂಟರಂದು ವೀರನಾರಾಯಣ ಕೆರೆಯ ಏರಿಯ ಮೇಲೆ ವಂದಿಯತ್ತೇವನ್ ಕುದುರೆ ಸವಾರಿ ಮಾಡುವುದರಿಂದ. ಆ ಕೆರೆಯನ್ನು ತೋಡಿಸಿದವನು ಇದೇ ರಾಜಾದಿತ್ಯ ಎಂದು ಹೇಳುತ್ತಾರೆ. ಕೆರೆ ಅಲ್ಲಿ, ಅದನ್ನು ತೋಡಿಸಿದವನ ಸಾವಿನ ಸುದ್ದಿ ಹೊತ್ತ ಕಲ್ಲು ಇಲ್ಲಿ. ಆ ಕಾಲದ ಸೈನಿಕನ ಗಿಡ್ಡ ಕಚ್ಚೆ, ನಡುವಿನ ಕಠಾರಿ, ಗುರಾಣಿಯ ಆಕಾರ, ಹಿಂದಕ್ಕೆ ಕಟ್ಟಿದ ಕೂದಲು ಬೇಕಾದವರು ಹಳ್ಳಿಹಳ್ಳಿಯ ವೀರಗಲ್ಲುಗಳ ಮುಂದೆ ಸ್ಕೆಚ್ ಪುಸ್ತಕ ಹಿಡಿದು ಕೂರಬೇಕು. ಬೆಳಿಗ್ಗೆ ಎಂಟರೊಳಗೆ ಅಥವಾ ಸಂಜೆ ಐದರ ಮೇಲೆ ಹೋದರೆ ಓರೆ ಬಿಸಿಲಿಗೆ ಸವೆದ ಕೆತ್ತನೆಯೂ ಎದ್ದು ಕಾಣುತ್ತದೆ. ನಡುಹಗಲಿನಲ್ಲಿ ಏನೂ ಕಾಣುವುದಿಲ್ಲ.

ಈಗ ಆ ಹಳೆಯ ಪುಟಗಳು ನಮ್ಮ ಮನೆಗಳಲ್ಲಿ ಹೇಗಿವೆ ಎಂಬ ವಿಚಾರ. ಧಾರಾವಾಹಿಯ ಪುಟಗಳನ್ನು ವಾರವಾರ ಬಿಡಿಸಿಟ್ಟು ಬೈಂಡ್ ಮಾಡಿಸುವ ಅಭ್ಯಾಸ ತಮಿಳರಲ್ಲಿಯೂ ಇತ್ತು, ನಮ್ಮಲ್ಲಿಯೂ ಇತ್ತು. ಮೂಲ ರೇಖಾಚಿತ್ರಗಳು ಎಲ್ಲರಿಗೂ ಸಿಗುವಂಥವಲ್ಲ. ಹೆಚ್ಚಿನವರ ಪಾಲಿಗೆ ಈ ಬೈಂಡುಗಳೇ ಗತಿ. ಮರದ ತಿರುಳಿನ ಅಗ್ಗದ ಕಾಗದ ತನ್ನೊಳಗಿನ ಆಮ್ಲದಿಂದಲೇ ಕಂದಿ ಪುಡಿಯಾಗುತ್ತದೆ, ಪಿನ್ನು ತುಕ್ಕು ಹಿಡಿದು ಸುತ್ತಲೂ ಕಂದು ಕಲೆ ಬಿಡುತ್ತದೆ. ಇನ್ನೂ ತಡಮಾಡದೆ ಸ್ಕ್ಯಾನ್ ಮಾಡಿಡುವುದು ಒಳ್ಳೆಯದು, ಆದರೆ ಕ್ರಮವಾಗಿ.

ಪಿನ್ನನ್ನು ಎಳೆಯಬೇಡಿ; ಕಾಲುಗಳನ್ನು ಮೊಂಡು ಚಾಕುವಿನಿಂದ ಮೆಲ್ಲಗೆ ಎತ್ತಿ ನೆಟ್ಟಗೆ ಮಾಡಿ, ಆಚೆಯಿಂದ ತೆಗೆಯಿರಿ. ಪುಟದ ಹಿಂದೆ ಕಪ್ಪು ಕಾಗದ ಇಡಿ, ಆಗ ಹಿಂಬದಿಯ ಅಚ್ಚು ಇಣುಕುವುದಿಲ್ಲ. ಸ್ಕ್ಯಾನರಿನ ‘ಕಪ್ಪು–ಬಿಳುಪು’ ಆಯ್ಕೆ ಬೇಡ. ಬಣ್ಣದಲ್ಲಿ, ಗೆರೆಚಿತ್ರಕ್ಕೆ ಕನಿಷ್ಠ 600 ಡಿಪಿಐ. ಆಮೇಲೆ ಕೆಂಪು ಚಾನೆಲ್ ಒಂದನ್ನೇ ಉಳಿಸಿಕೊಳ್ಳಿ: ಹಳದಿ ಕಾಗದವೂ ತುಕ್ಕಿನ ಕಲೆಯೂ ಅದರಲ್ಲಿ ತಿಳಿಯಾಗುತ್ತವೆ, ಮಸಿ ಕಪ್ಪಾಗಿಯೇ ಇರುತ್ತದೆ. ನೀಲಿ ಚಾನೆಲ್ ಇದಕ್ಕೆ ತದ್ವಿರುದ್ಧ, ಕಲೆಯೆಲ್ಲ ಎದ್ದು ನಿಲ್ಲುತ್ತದೆ. ಬ್ಲಾಕ್ ಕ್ಯಾಮೆರಾ ಕಂಡಿದ್ದೂ ಹೆಚ್ಚುಕಡಿಮೆ ಹೀಗೆಯೇ. ಡಿಸ್ಕ್ರೀನ್ ಎಂಬ ಸೌಲಭ್ಯ ಹಾಫ್‌ಟೋನಿಗೆ ಮಾತ್ರ, ಗೆರೆಚಿತ್ರದ ಮೇಲೆ ಬಿಟ್ಟರೆ ರೆಪ್ಪೆಯನ್ನೇ ಮಸುಕು ಮಾಡುತ್ತದೆ. ಆ ಬೂದುಛಾಯೆಯ ಫೈಲನ್ನು ಹಾಗೇ ಎತ್ತಿಡಿ, ಶುದ್ಧ ಕಪ್ಪು–ಬಿಳುಪಿಗೆ ತಿರುಗಿಸುವ ಕೆಲಸವನ್ನು ಅದರ ಪ್ರತಿಯ ಮೇಲೆ ಮಾಡಿ.

ತಿರುಗಿಸುವಾಗ ಮುಖ ನೋಡಬೇಡಿ, ಮುಡಿ ನೋಡಿ. ಭೂತಗನ್ನಡಿಯಲ್ಲಿ ಮೂಲ ಪುಟದ ಮುಡಿಯೊಳಗೆ ಎಷ್ಟು ಬಿಳಿ ಎಳೆ ಇವೆ ಎಂದು ಎಣಿಸಿಕೊಳ್ಳಿ. ಪರದೆಯ ಮೇಲೆ ಅಷ್ಟೂ ಇರಬೇಕು. ಒಂದೆರಡು ಮುಚ್ಚಿಹೋಗಿದ್ದರೆ ತ್ರೆಶೋಲ್ಡ್, ಅಂದರೆ ಕಪ್ಪು ಬಿಳಿಯನ್ನು ಬೇರ್ಪಡಿಸುವ ಅಂಕಿ, ಸ್ವಲ್ಪ ಇಳಿಸಿ. ಹಣೆಯ ಮುಂಗುರುಳು ತುಂಡಾಗಲು ಶುರುವಾದ ಕೂಡಲೇ ನಿಲ್ಲಿಸಿ. ಎರಡೂ ಒಂದೇ ಅಂಕಿಯಲ್ಲಿ ಸಿಗದಿದ್ದರೆ ಮುಡಿಗೊಂದು, ಮುಖಕ್ಕೊಂದು ಪ್ರತ್ಯೇಕ ಪ್ರತಿ ಮಾಡಿ ಜೋಡಿಸಿ.